ಆ ಚಪ್ಪಾಳೆ ಅವರು ಹೊರಟದ್ದಕ್ಕಲ್ಲ

ಶ್ರಾವ್ಯಾ, ಆ ಫ್ರಾನ್ಸಿನ ಆಟಗಾರ ಅವತ್ತು ನಿನ್ನನ್ನು ನೋಡದೆ ಹೋಗಲಿಲ್ಲ. ಹೋದರು ಅಂತ ಸುಳ್ಳು ಹೇಳಿದ್ದು ನಾನು — ನಿನ್ನ ಅಮ್ಮಮ್ಮ.

ನಿನಗಾಗ ಏಳು ವರ್ಷ. ಅವರು ಬಾಸ್ಕೆಟ್‌ಬಾಲ್ ಬಿಟ್ಟು ಎಷ್ಟೋ ಕಾಲವಾಗಿತ್ತಂತೆ. ಆದರೂ ಅಬುಧಾಬಿಯ ಆ ಮಾಲಿಗೆ ಅವರು ಬಂದಾಗ ಎಂಥ ಜನ! ಅವರ ಆಟ ಕಣ್ಣಾರೆ ಕಾಣದ ಮಕ್ಕಳೂ ಅವರ ಹೆಸರಿನ ಅಂಗಿ ತೊಟ್ಟು ನಿಂತಿದ್ದವು. ನೀನೂ ಹಾಗೆಯೇ. ನಿನ್ನಮ್ಮನಿಗೆ ಆಸ್ಪತ್ರೆ ಡ್ಯೂಟಿ. ನಿನ್ನ ಚೀಲ, ನೀರಿನ ಬಾಟಲಿ ಹೊತ್ತುಕೊಂಡು ನಾನು ಮನೆಯಲ್ಲುಟ್ಟ ಸೀರೆಯಲ್ಲೇ ಬಂದಿದ್ದೆ.

ಅವರನ್ನು ಕಾಣಲು ಎರಡು ತಾಸು ಸಾಲಿನಲ್ಲಿ ನಿಂತೆವು. ದೊಡ್ಡ ಬೋರ್ಡಿನ ಆಚೆ ಅವರು, ಈಚೆ ಒಬ್ಬಳು ಹುಡುಗಿ ಎಲ್ಲರ ಕೈಲೂ ಫಾರ್ಮ್ ಬರೆಸುತ್ತಿದ್ದಳು. ಎಲ್ಲ ಇಂಗ್ಲಿಷ್. ಮೂರನೇ ಕ್ಲಾಸಿನವರೆಗೆ ಕನ್ನಡ ಕಲಿತವಳು ನಾನು. ಅವಳು ನನ್ನ ಸೀರೆ, ಚೀಲ ನೋಡಿ ಹಿಂದಿಯಲ್ಲಿ ಕೇಳಿದಳು, "ನೀವು ಮಗುವಿನ ಆಯಾನಾ?"

"ಹಾಂ," ಅಂದುಬಿಟ್ಟೆ.

ಆಯಾ ಅಂದರೆ ಬರೆಯೋದು ಬೇಡ ಅಂದುಕೊಂಡೆ, ಅಷ್ಟೇ. ಅವಳು, "ಹಾಗಾದ್ರೆ ಆಗೋದಿಲ್ಲ, ಮನೆಯವರೇ ಬೇಕು. ಪಕ್ಕಕ್ಕೆ ನಿಂತು ಮೇಡಮ್ಮಿಗೆ ಫೋನ್ ಮಾಡಿ," ಅಂದಳು. ಅಲ್ಲ ಮಾರಾಯ್ತಿ, ನಾನು ಇವಳ ಅಜ್ಜಿ — ಅಷ್ಟೇ ಹೇಳಿದ್ದರೆ ಸಾಕಿತ್ತು. ಹಿಂದಿನ ತಾಯಂದಿರೆಲ್ಲ ನೋಡುತ್ತಿದ್ದರು, ಆಡಿದ ಮಾತು ತಿದ್ದಲು ನಾಚಿಕೆ...

ನೀನು ಬಗ್ಗಿ ಬೂಟಿನ ದಾರ ಬಿಗಿ ಮಾಡಿಕೊಳ್ಳುತ್ತಿದ್ದೆ. ಅವರೆದುರು ಬೀಳಬಾರದಂತೆ.

"ಖಲಾಸ್ ಮಗಾ, ಅವರು ಹೊರಟ್ರಂತೆ," ಅಂದು ಕೈ ಎಳೆದೆ. ಬೋರ್ಡಿನ ಹಿಂದಿನಿಂದ ಚಪ್ಪಾಳೆ ಕೇಳಿಸಿತು.

"ವೈ ಆರ್ ದೇ ಕ್ಲಾಪಿಂಗ್, ಅಮ್ಮಮ್ಮ?"

"ಹೊರಟ್ರಲ್ಲ, ಅದಕ್ಕೆ."

ಮನೆಗೆ ಬಂದವಳೇ ನೀನು ಅವರ ಚಿತ್ರ ಗೋಡೆಯಿಂದ ಕಿತ್ತು ಹಾಕಿದೆ. ನೆಲದ ಚೂರು ನಾನೇ ಗುಡಿಸಿದೆ.

ನಿನ್ನೆ ನೀನು ಶಾಲೆಯ ತಂಡಕ್ಕೆ ಆಯ್ಕೆಯಾದೆ. ನನ್ನ ಖುಷಿ ಎಲ್ಲಿಡಲಿ! ಮಂಡಿನೋವು ಮರೆತು ಪಾಯಸ ಮಾಡಿದೆ, ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಪಾಯಸಕ್ಕೆ ಬಂದ ನಿನ್ನ ಗೆಳತಿಯರು, ಆ ಆಟಗಾರ ಮತ್ತೆ ಬರುತ್ತಾರೆ, ಹೋಗೋಣ ಅಂದರು. ನೀನು, "ನಾ ಬರೋದಿಲ್ಲ. ಸಣ್ಣ ಮಕ್ಕಳನ್ನ ಕಾಯಿಸಿ ಎದ್ದು ಹೋಗುವ ಮನುಷ್ಯ ಅವ್ರು," ಅಂದೆ.

"ಇಡೀ ಅಬುಧಾಬಿಗೆ ಇಷ್ಟ ಮಾರಾಯ್ತಿ, ನಿನಗೊಬ್ಬಳಿಗೆ ಎಂಥ ಆಯ್ತು?" ಅಂತ ಗೆಳತಿಯರು ನಕ್ಕರು.

ಸೌಟು ಹಿಡಿದು ನಿಂತೇ ಇದ್ದೆ. ಹತ್ತು ವರ್ಷ — ನನ್ನ ತಪ್ಪನ್ನು ಆ ಮನುಷ್ಯನ ತಲೆಗೆ ಕಟ್ಟಿ, ನಿನ್ನ ಮನಸ್ಸಿನಲ್ಲಿ ಹುಣ್ಣು ಮಾಡಿಟ್ಟೆ. ಹೊತ್ತು ಹೊತ್ತು ಸಾಕಾಗಿದೆ ಮಗಾ. ಫಾರ್ಮಿಗೆ ಹೆದರಿದ್ದು ನಿಜ. ಆದರೆ ಅದು ಐದು ನಿಮಿಷದ ಹೆದರಿಕೆ. ಉಳಿದ ಹತ್ತು ವರ್ಷ ಬರೀ ಸುಳ್ಳು.

ನಿನಗೆ ಕನ್ನಡ ಓದಲು ಬಾರದು. ನಿನ್ನಮ್ಮನೇ ಇದನ್ನು ಓದಿ ಹೇಳಬೇಕು. ಅವಳಿಗೂ ನಾನು ಇದೇ ಸುಳ್ಳು ಹೇಳಿದ್ದು. ಅವಳು ಓದುವಾಗ ನಾನು ಎದ್ದು ಅಡುಗೆಮನೆಗೆ ಹೋಗುವುದಿಲ್ಲ. ನಿಮ್ಮಿಬ್ಬರ ಎದುರೇ ಕೂತಿರುತ್ತೇನೆ.