ಮ್ಯಾಟಿನ ಆ ಒಂದು ಮೂಲಿ

ಮರಾಠಿ ಸೀಮಿಯೊಳಗಿನ ಶಿವಾಜಿನಗರದ ನಮ್ಮ ಕಾಲೇಜಿನ ಕಬಡ್ಡಿ ತಂಡ ಮ್ಯಾಲಿನ ಡಿವಿಜನ್ನಿಗೆ ಏರಿದ ದಿನ ಎಲ್ಲಾರೂ ಪೇಢೆ ತಿಂದ್ವಿ. ಅಲ್ಲಿ ಮಣ್ಣಿನ ಅಂಗಳ ನಡಿಯೂದಿಲ್ಲ, ಕಾಲೇಜಿಗೆ ಸ್ವಂತ ಮ್ಯಾಟ್ ಇರಬೇಕು, ಅದನ್ನ ನೋಡಾಕ ತಪಾಸಣಿಗೂ ಬರ್ತಾರ ಅನ್ನೂ ನಿಯಮ ಆಮ್ಯಾಲ ಗೊತ್ತಾತು.

“ಮ್ಯಾಟ್ ತಗೊಂಡ್ರ ಮೂರು ತಿಂಗಳು ಯಾರಿಗೂ ಪಗಾರಿಲ್ಲ,” ಅಂದ್ರು ಪ್ರಿನ್ಸಿಪಾಲರು.

ಕ್ಲಾರ್ಕನಾದ ನಾನು ಗಾಬರಿಯಾಗಿ, ತಪಾಸಣಿ ದಿನದ ಮಟ್ಟಿಗೆ ನಿಗಡಿಯ ಒಂದು ಕಾಲೇಜಿನಿಂದ ಮ್ಯಾಟ್ ಎರವಲು ತಂದು ಹಾಸಿದೆ. ಒಂದು ಮೂಲಿಯ ಕೆಳಗ ಮಾಲಕರ ಹೆಸರು ಒತ್ತಿದ ಕೆಂಪು ಶಿಕ್ಕಾ ಕಂಡಿತು. ಓದಾಕೂ ಧೈರ್ಯ ಆಗಲಿಲ್ಲ. ಅದರ ಮ್ಯಾಲ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟೆ.

ತಪಾಸಣಿಗೆ ಬಂದ ಸಾಹೇಬರು ಬೂಟು ಕಳದು ಇಡೀ ಮ್ಯಾಟ್ ಅಡ್ಡಾಡಿದ್ರು. ಕಡೀಕ ನನ್ನ ಮುಂದ ನಿಂತು, “ಉಠಾ,” ಅಂತ ಮರಾಠಿಯೊಳಗ ಏಳಾಕ ಹೇಳಿದ್ರು. ನೌಕರಿ ಹೋತು ಅಂದುಕೊಂಡೆ. ಏಳೂದು ಬಿಟ್ಟು ಮೂಲಿ ಇನ್ನೂ ಒತ್ತಿ ಕೂತೆ. ಅವರು ಬಗ್ಗಿ ಮೂಲಿಗೆ ಕೈ ಹಾಕಿದಾಗ ನನ್ನ ಬಾಯಿಂದ “ಯವ್ವಾ!” ಅಂತ ಬಂದೇಬಿಡ್ತು.

ಸಾಹೇಬರು ಕೈ ಹಿಂದ ತಗೊಂಡು ಮೆಲ್ಲಕ ಕನ್ನಡದಾಗ ಅಂದ್ರು: “ಕೂತೇ ಇರ್ರಿ. ಹೋದ ವರ್ಷ ನಿಗಡಿಯೊಳಗ ಇದೇ ಮೂಲಿ ಮ್ಯಾಲ ಅಲ್ಲಿನ ಕ್ಲಾರ್ಕೂ ಹಿಂಗೇ ಕೂತಿದ್ರು.”

ಸಂಜಿಗೆ ಮ್ಯಾಟ್ ಸುತ್ತುವಾಗ ಶಿಕ್ಕಾ ಓದಿದೆ. ಅದು ನಿಗಡಿಯವರದೂ ಅಲ್ಲ.