ತವರುಮನೆ ಇಂಗ್ಲಿಷ್

ಮೊನ್ನೆ ಭಾನುವಾರ ಮಗಳು ಲ್ಯಾಪ್‌ಟಾಪಿನ ಪರದೆ ಒರೆಸಲು ಹತ್ತಿಗೆ ಸ್ಪಿರಿಟ್ ಹಾಕಿಕೊಂಡಳು. ಆ ತಣ್ಣನೆಯ ಕಟು ವಾಸನೆ ಮೂಗಿಗೆ ಬಡಿದದ್ದೇ ತಡ, ದಹಿಸರ್‌ನ ನಮ್ಮ ಚಾಳಿನ ಕಾಕಾ ನೆನಪಾದರು. ಬಾಡಿಗೆಗೆ ತಂದ ವಿಡಿಯೋ ಪ್ಲೇಯರಿನೊಳಗೆ ಟೇಪು ಓದುವ ಹೆಡ್ಡನ್ನು ಅವರು ಹೀಗೆಯೇ ಒರೆಸುತ್ತಿದ್ದರು, ಕೂಸಿನ ಕಿವಿ ಒರೆಸಿದಷ್ಟು ಮೆತ್ತಗೆ.

ವಿಜಯಪುರದ ಕಡೆಯವರು, ಫೋರ್ಟಿನ ಆಫೀಸೊಂದರಲ್ಲಿ ಪ್ಯೂನ್. ಭಾನುವಾರ ಮಧ್ಯಾಹ್ನ ಅವರ ಖೋಲಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಒಳಗೆ ಚಾಳಿನವರು, ಬಾಗಿಲ ಹತ್ತಿರ, ಎದುರು ಏಳುತ್ತಿದ್ದ ಬಿಲ್ಡಿಂಗಿನ ಕೆಲಸಕ್ಕೆ ಬಂದ, ಕಾಕಾನ ಊರ ಕಡೆಯವರೇ ಆದ ಗೌಂಡಿಗಳು, ಅವರ ಹೆಂಡಿರು. ಇಂಗ್ಲಿಷ್ ಸಿನೆಮಾ ಹಾಕಿದರೆ ಕಾಕಾ ಟಿವಿ ಪಕ್ಕ ನಿಂತು ಮಾತು ಮಾತನ್ನೂ ಕನ್ನಡ ಮಾಡಿ ಹೇಳುತ್ತಿದ್ದರು.

ಎಲ್ಲರಿಗೂ ಇಷ್ಟವಾದದ್ದು ನಿಧಿ ಹುಡುಕುವ ಒಂದು ಚಿತ್ರ. ಉದ್ದ ಬೂಟಿನ ನಾಯಕ ನಕಾಶೆ ಹಿಡಿದು ಕಾಡು ಹೊಕ್ಕು, ಗುಹೆಯೊಳಗಿನ ಗುಡಿಯಿಂದ ಬಂಗಾರದ ದೇವಿಯನ್ನು ಎತ್ತಿಕೊಂಡು ಓಡುತ್ತಾನೆ. ಹಿಂದೆ ಈಟಿ ಹಿಡಿದ ಕಪ್ಪು ಜನ.

“ದೇವೀನ ತವರುಮನಿಗೆ ಕರಕೊಂಡು ಹೊಂಟಾನ,” ಎನ್ನುತ್ತಿದ್ದರು ಕಾಕಾ. “ಮಂದಿ ಕಳಸಾಕ ಬಂದಾರ.” ಬಾಗಿಲ ಹತ್ತಿರದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು...

ನಾನು ಕಾಲೇಜು ಸೇರಿದ ವರ್ಷ ಮತ್ತೆ ಅದೇ ಕ್ಯಾಸೆಟ್ ಬಂತು. ಅಷ್ಟಿಷ್ಟು ಇಂಗ್ಲಿಷ್ ಹಿಡಿಯತೊಡಗಿದ್ದ ಕಿವಿಗೆ ಮ್ಯೂಸಿಯಂ ಎಂಬ ಮಾತು ಬಿತ್ತು.

“ಕಾಕಾ, ಕಳಸಾಕ ಬಂದವರು ಈಟಿ ಯಾಕ ತಂದಾರ?” ಎಂದೆ.

“ಹಾದ್ಯಾಗ ಹುಲಿ ಇರ್ತಾವಲ್ಲವ್ವಾ,” ಎಂದರು.

ಖೋಲಿಯೆಲ್ಲ ನಕ್ಕಿತು. ನಾನು ಬಿಡಲಿಲ್ಲ. ಇವರಿಗೆ ಇಂಗ್ಲಿಷೇ ಬರುವುದಿಲ್ಲ, ಇದು ತವರುಮನೆ ಇಂಗ್ಲಿಷ್ ಎಂದುಬಿಟ್ಟೆ. ಕಾಕಾ ಕೂಡ ನಕ್ಕರು. ಆದರೆ ಆ ಹೆಸರು ನಲ್ಲಿಯ ಮುಂದಿನ ನೀರಿನ ಸಾಲಿನವರೆಗೂ ಹೋಯಿತು. ಮುಂದಿನ ಭಾನುವಾರ ಕಾಕಾ ಕ್ಯಾಸೆಟ್ ಹಾಕಿ, ಹಿಂದಿನ ಗೋಡೆಗೆ ಒರಗಿ ಸುಮ್ಮನೆ ಕೂತರು. ಮತ್ತೆಂದೂ ಕಥೆ ಹೇಳಲಿಲ್ಲ. ಗೌಂಡಿಗಳು ಬರುವುದೂ ನಿಂತುಹೋಯಿತು.

ಮೊನ್ನೆ ನಾವು ನೋಡಿದ್ದು ಅದೇ ಚಿತ್ರ, ಮಾತೆಲ್ಲ ಕೆಳಗೆ ಅಕ್ಷರದಲ್ಲಿ ಮೂಡುವ ಹಾಗೆ ಇಟ್ಟುಕೊಂಡು. ನಾಯಕ ನಕಾಶೆ ಓದಿದ: ಎಡಗಡೆಯ ಮೂರನೇ ಕಲ್ಲು ತುಳಿಯಬೇಡ, ನೆರಳು ಬಿದ್ದಲ್ಲಿ ಮೊಣಕಾಲೂರು. ಕಾಕಾ ಹೇಳುತ್ತಿದ್ದದ್ದು ಅಕ್ಷರಶಃ ಇದೇ... ಕೈಯಲ್ಲಿದ್ದ ಚಹಾ ಆರಿತು. ಆಮೇಲೆ ನಾಯಕ ಗೆಳೆಯನಿಗೆ ಹೇಳುತ್ತಾನೆ, ಈ ಕಾಡುಮಂದಿಗೆ ಬಂಗಾರವೂ ಒಂದೇ, ಮಣ್ಣೂ ಒಂದೇ ಎಂದು. ಇಬ್ಬರೂ ನಗುತ್ತಾರೆ. ಆ ಜಾಗದಲ್ಲಿ ಕಾಕಾ ಹೇಳುತ್ತಿದ್ದ ಮಾತು ಬೇರೆ: “ಈ ಮಂದೀ ಉಪಕಾರ ನಾವು ಮರೀಬಾರದು.”

ಇಂಗ್ಲಿಷ್ ಬಾರದೆ ಹೇಳಿದ್ದಲ್ಲ. ಬಾಗಿಲ ಹತ್ತಿರ ಸಿಮೆಂಟು ಮೆತ್ತಿದ ಕಾಲು ಮಡಚಿ ಕೂತವರು ಅವರ ಕಣ್ಣೆದುರಿಗೇ ಇದ್ದರು.

“ಮಮ್ಮಿ, ಹೀರೋನೇ ಚೋರ್ ಅಲ್ವಾ?” ಎಂದಳು ಮಗಳು.

ಹೌದು ಎಂದೆ. ನಾವು ಆಗ ನೋಡಿದ ಸಿನೆಮಾದಲ್ಲಿ ಅಲ್ಲ ಎಂದು ಹೇಗೆ ತಿಳಿಸುವುದು...

ಚಾಳು ಕೆಡವುವಾಗ ಕಾಕಾ ಊರಿಗೆ ಹೊರಟರು. ಎರಡೇ ವರ್ಷಕ್ಕೆ ತೀರಿಕೊಂಡ ಸುದ್ದಿ ಬಂತು. ಅವರು ಊರಿಗೆ ಹೊರಟ ದಿನ ಚಾಳಿನವರೆಲ್ಲ ಟೆಂಪೋದ ಹಿಂದೆ ಸ್ಟೇಷನ್ ರಸ್ತೆಯ ತಿರುವಿನವರೆಗೂ ನಡೆದರಂತೆ. ನಾನು ಮಾಟುಂಗದಲ್ಲಿ ಗೆಳತಿಯ ಮದುವೆಯ ಊಟ ಮುಗಿಸಿ, ಲೋಕಲ್ ಹಿಡಿದು ನಿಧಾನವಾಗಿ ಬಂದೆ. ಕಾಕಾನನ್ನು ಕಳಿಸಲಿಕ್ಕೆ ನಾನೊಬ್ಬಳು ಹೋಗಿರಲಿಲ್ಲ.