ಹುಳದ ಮನೇಲಿ ಓದಿದ ಇಂಗ್ಲಿಷ್ ಕಾದಂಬರಿ

ಒಂದ್ನಿಮಿಷ ಇರಿ, ಹಂಗೇ ಮುಂದಕ್ಕೆ ಹೋಗ್ಬೇಡಿ. ಇದನ್ನ ಹೇಳೋಕೆ ನಂಗೆ ಒಸಿ ಟೈಮ್ ಬೇಕು. ಕೊನೇಲಿರೋ ಮಾತನ್ನ ಮೊದಲೇ ಹೇಳ್ಬಿಟ್ರೆ ಅದಕ್ಕೆ ಅರ್ಥಾನೇ ಇರಲ್ಲ. ಮೊನ್ನೆ ಟ್ರಂಕ್ ಕ್ಲೀನ್ ಮಾಡ್ತಿದ್ದಾಗ ತಳದಲ್ಲಿ ಒಂದು ಹಳೇ ಇಂಗ್ಲಿಷ್ ಕಾದಂಬರಿ ಸಿಕ್ತು. ರಟ್ಟಿಲ್ಲ, ಮೊದಲ ಹದಿನಾಲ್ಕು ಪುಟ ಇಲ್ಲ, ಹಂಗಾಗಿ ಅದರ ಹೆಸರೂ ನಂಗೆ ಗೊತ್ತಿಲ್ಲ. ತೆಗೆದ ತಕ್ಷಣ ಪುಟಗಳ ಸಂದಿಯಿಂದ ಒಂದು ಚಿಟಿಕೆ ಸುಣ್ಣದ ಪುಡಿ ತೊಡೆ ಮೇಲೆ ಉದುರ್ತು. ಅದರ ಹಿಂದೇನೇ ಆ ವಾಸನೆ. ಬಾಡಿದ ರೇಷ್ಮೆ ಸೊಪ್ಪು, ಹುಳದ ಹಿಕ್ಕೆ, ಬ್ಲೀಚಿಂಗ್ ಪೌಡರ್, ಒದ್ದೆ ಗೋಣಿಚೀಲ, ಎಲ್ಲಾ ಸೇರಿದ ವಾಸನೆ. ರೇಷ್ಮೆ ಹುಳ ಸಾಕಿದ ಮನೇಲಿ ಬೆಳೆದೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಬೇರೆಯೋರಿಗೆ ಎಷ್ಟು ಹೇಳಿದ್ರೂ ಸಾಲಲ್ಲ. ನಾನಂತೂ ನೆಲದ ಮೇಲೆ ಹಂಗೇ ಕೂತುಬಿಟ್ಟೆ.

ನಮ್ಮೂರು ದೊಡ್ಡಆಲಹಳ್ಳಿ ಕಡೆ. ನಂಗೆ ಎಂಟು ವರ್ಷ ಆದಾಗ ಅಪ್ಪ ಅವ್ವ ನನ್ನನ್ನ ಬೈರಮಂಗಲದ ಹತ್ರ ಇದ್ದ ದೊಡ್ಡವ್ವನ ಮನೇಲಿ ಬಿಟ್ರು. ದೊಡ್ಡವ್ವ ಅಂದ್ರೆ ನಮ್ಮವ್ವನ ಅಕ್ಕ. ಅವಳಿಗೆ ಮಕ್ಕಳಿರಲಿಲ್ಲ, ನಂಗೆ ಒಳ್ಳೇ ಸ್ಕೂಲ್ ಇರಲಿಲ್ಲ, ಎರಡಕ್ಕೂ ಸರಿಹೋಯ್ತು. ನಾವು ಮಲಗೋ ಮನೆ ಚಿಕ್ಕದು, ಅದರ ಹಿಂದಿದ್ದ ಹುಳದ ಮನೆ ದೊಡ್ಡದು. ಉದ್ದಕ್ಕೆ ಮಣ್ಣಿನ ಗೋಡೆ, ನಾಡಹೆಂಚು, ಕಿಟಕಿಗೆಲ್ಲಾ ನೀರು ಚಿಮುಕಿಸಿದ ಗೋಣಿ. ಒಳಗೆ ಬಿದಿರಿನ ತಟ್ಟೆಗಳು ಒಂದರ ಮೇಲೊಂದು, ಇರುವೆ ಹತ್ತದಂಗೆ ಸ್ಟ್ಯಾಂಡಿನ ಕಾಲುಗಳ ಕೆಳಗೆ ನೀರಿನ ಬಟ್ಟಲು. ಹೊರಗೆ ಬೆಂಕಿಯಂಥ ಬಿಸಿಲಿದ್ರೂ ಒಳಗೆ ಕಾಲಿಟ್ರೆ ಪಾದ ತಣ್ಣಗಾಗೋದು. ನೂರಾರು ತಟ್ಟೆ ಹುಳ ಒಟ್ಟಿಗೆ ಸೊಪ್ಪು ತಿನ್ನೋ ಸದ್ದಿನಲ್ಲೇ ನಾನು ಮಗ್ಗಿ ಕಲ್ತಿದ್ದು, ಅದರಲ್ಲೇ ಜಡೆ ಹಾಕಿಸ್ಕೊಂಡಿದ್ದು.

ಆ ಮನೆಗೆ ಕಾನೂನುಗಳಿದ್ವು. ಕಾಲು ತೊಳೀದೆ ಒಳಗೆ ಬರಂಗಿಲ್ಲ. ಪೌಡರ್ ಬಳ್ಕೊಂಡು ಬರಂಗಿಲ್ಲ. ಮಲ್ಲಿಗೆ ಮುಡಿದಿದ್ರೆ ಕಿತ್ತು ಹೊರಗೇ ಇಡಬೇಕು. ಇವೆಲ್ಲಾ ಎಲ್ಲರ ಮನೇಲೂ ಇದ್ದಿದ್ದೇ. ನಮ್ಮ ದೊಡ್ಡವ್ವನ ಮನೇಲಿ ಇನ್ನೊಂದಿತ್ತು, ಅವಳ ಅತ್ತೆ ಕಾಲದಿಂದ ಬಂದಿದ್ದು. ಹುಳದ ಮನೇಲಿ ಸಾವಿನ ಮಾತು ಆಡಂಗಿಲ್ಲ, ಅಳಂಗೂ ಇಲ್ಲ. ಹುಳ ಸತ್ರೂ ‘ಸತ್ತೋಯ್ತು’ ಅನ್ನಂಗಿಲ್ಲ, ‘ಕಳೀತು’ ಅನ್ನಬೇಕು. ಊರಲ್ಲಿ ಯಾರಾದ್ರೂ ಹೋದ್ರೆ ಆ ಸುದ್ದಿ ಬಾಗಿಲಲ್ಲೇ ನಿಲ್ಲಬೇಕು. “ಅವ್ಕೂ ಕಿವಿ ಐತೆ ಕಣಮ್ಮಿ” ಅನ್ನೋಳು. ಎಲ್ಲಿದೆ ಕಿವಿ ಅಂತ ನಾನು ಒಂದು ಹುಳನ ಕೈಲಿಟ್ಕೊಂಡು ಹುಡುಕಿದ್ದೂ ಉಂಟು.

ಆ ಮನೇಲಿ ನನ್ನ ಕೆಲ್ಸ ಏನು ಅಂದ್ರೆ ರದ್ದಿ ಪೇಪರ್ ಆರಿಸೋದು. ತಟ್ಟೆಗೆ ಹಾಸೋಕೆ ದೊಡ್ಡಪ್ಪ ರಾಮನಗರದಿಂದ ಹಳೇ ಪೇಪರ್ ಕಟ್ಟು ತರೋರು. ದೊಡ್ಡವ್ವಂಗೆ ಓದೋಕೆ ಬರ್ತಿರಲಿಲ್ಲ. ಆದ್ರೆ ಪೇಪರಲ್ಲಿ ಶ್ರದ್ಧಾಂಜಲಿ ಪುಟ ಬರುತ್ತೆ, ಸಾಲಾಗಿ ಸಣ್ಣ ಸಣ್ಣ ಫೋಟೋ ಇರುತ್ತೆ ಅಂತ ಗೊತ್ತಿತ್ತು. ಅದರ ಮೇಲೆ ಹುಳ ಮಲಗಿಸ್ತಾರಾ ಯಾರಾದ್ರೂ? ಹಂಗಾಗಿ ಪ್ರತಿ ಹಾಳೆ ನಾನು ನೋಡಿ, ಸಾವಿನ ಸುದ್ದಿ ಇದ್ರೆ ಬೇರೆ ಮಾಡಿ, ಒಲೆಗೆ ಹಾಕ್ಬೇಕು. ಆಕ್ಸಿಡೆಂಟ್, ಕೊಲೆ, ಎಲ್ಲಾ ಹೊರಗೆ. ಉಳಿಯೋದು ಸಿನಿಮಾ, ಕ್ರಿಕೆಟ್, ಅಡುಗೆ. ಕನ್ನಡ ಪೇಪರ್ ನಾನು ಕಲ್ತಿದ್ದು ಹಿಂಗೆ. ಇಂಗ್ಲಿಷ್ ಪೇಪರ್ ಬಂದ್ರೆ ಡಿಕ್ಷನರಿ ಇಟ್ಕೊಂಡು ಒದ್ದಾಡ್ತಿದ್ದೆ. ಯಾವ ಟೀಚರೂ ಹೇಳಿಕೊಟ್ಟಿದ್ದಲ್ಲ, ಹುಳಕ್ಕೋಸ್ಕರ ಕಲ್ತ ಇಂಗ್ಲಿಷ್ ಅದು.

ನಾನು ಫಸ್ಟ್ ಪಿಯುಸಿಗೆ ಬರೋ ಹೊತ್ತಿಗೆ ನಮ್ಮ ಸುತ್ತ ಕಾರ್ಖಾನೆಗಳು ಎದ್ದಿದ್ವು. ಪಕ್ಕದ ಹೊಲಕ್ಕೆ ಕಾಂಪೌಂಡ್ ಬಿತ್ತು, ಜೆಸಿಬಿ ಬಂತು, ಕೆಂಪು ಧೂಳು ಬಂದು ನಮ್ಮ ಸೊಪ್ಪಿನ ಮೇಲೆ ಕೂರ್ತಿತ್ತು. ದೊಡ್ಡಪ್ಪಂಗೂ ಜಮೀನಿನ ಪತ್ರಕ್ಕೆ ಸೈನ್ ಮಾಡ್ದೆ ಬೇರೆ ದಾರಿ ಇರಲಿಲ್ಲ. ತೋಟ, ಹುಳದ ಮನೆ, ಎರಡೂ ಬಿಟ್ಟುಕೊಡಬೇಕು, ಇದೊಂದು ಬೆಳೆ ಮುಗಿಸ್ಕೊಳ್ಳಿ ಅಂತ ಕಾರ್ಖಾನೆಯೋರು ಅಂದಿದ್ರಂತೆ. ದೊಡ್ಡವ್ವ ಬೇಡ ಅನ್ನಲಿಲ್ಲ, ಅಳಲಿಲ್ಲ. “ಕೊನೇ ಬೆಳೆ ಚೆನ್ನಾಗಿ ಬರ್ಲಿ. ಒಂದು ತಟ್ಟೇನೂ ಕಳೀಬಾರ್ದು” ಅಂದ್ಲು ಅಷ್ಟೇ. ಅವಳಿಗೆ ಬೇಕಾಗಿದ್ದು ಅದೊಂದೇ.

ಆ ಬೆಳೆಗೆ ತಂದ ರದ್ದಿ ಕಟ್ಟಿನೊಳಗೆ ಈ ಪುಸ್ತಕ ಇತ್ತು. ನಾನು ಕಾಲೇಜಿಂದ ಬರೋಷ್ಟರಲ್ಲಿ ದೊಡ್ಡವ್ವ ಅದರ ರಟ್ಟು ಕಿತ್ತು, ಮೊದಲ ಪುಟಗಳನ್ನ ಮರಿಹುಳದ ತಟ್ಟೆಗೆ ಹಾಸಿಬಿಟ್ಟಿದ್ಲು. ಇನ್ನೂ ಕೀಳೋಕೆ ಕೂತಿದ್ಲು.

“ದೊಡ್ಡವ್ವ, ಬೇಡ. ಅದರಲ್ಲಿ ಯಾರಾದ್ರೂ ಹೋಗಿದ್ರೆ?”

ಕೈ ನಿಲ್ಲಿಸಿದ್ಲು. “ಹೌದಲ್ವಾ. ನೋಡಿ ಹೇಳು ಮತ್ತೆ.”

“ಇಷ್ಟು ದಪ್ಪ ಐತೆ. ಪೂರಾ ಓದ್ದೆ ಹೆಂಗೆ ಹೇಳ್ಲಿ?”

“ಹಂಗಾರೆ ಓದು. ನಾನೇನ್ ಬ್ಯಾಡ ಅಂದ್ನಾ?”

ನೋಡಿ, ನಾನು ನನ್ನ ಜೀವನದ ಮೊದಲ ಇಂಗ್ಲಿಷ್ ಕಾದಂಬರಿ ಓದಿದ್ದು ಹಿಂಗೆ. ಅದು ಹುಳಕ್ಕೆ ಹಾಸೋಕೆ ಯೋಗ್ಯವೋ ಅಲ್ಲವೋ ಅಂತ ನೋಡೋಕೆ! ಎಂಥ ಕಷ್ಟ ಇತ್ತು ಗೊತ್ತಾ. ಹಳೇ ಕಾಲದ ಇಂಗ್ಲಿಷ್. ಒಂದು ವಾಕ್ಯ ಶುರುವಾದ್ರೆ ಕೆಂಗಲ್‌ನಿಂದ ಚನ್ನಪಟ್ಟಣದ ತನಕ ಶಟಲ್ ಬಸ್ ಹೋದಂಗೆ ಅಲ್ಲಲ್ಲಿ ನಿಂತು ನಿಂತು ಹೋಗ್ತಾನೇ ಇತ್ತು. ಸಮುದ್ರದ ಪಕ್ಕ ಒಂದು ಊರು, ಗಾಳಿಗೆ ಸಿಕ್ಕ ಒಂದು ಮನೆ. ಅಣ್ಣ ಹಡಗು ಹತ್ತಿ ಹೋಗಿದಾನೆ. ತಂಗಿಗೆ ಕೆಮ್ಮು, ಕಿಟಕಿ ಹತ್ರ ಕೂತು ಅವನ ದಾರಿ ಕಾಯ್ತಾಳೆ. ಅಪ್ಪ ಯಾರ ಹತ್ರಾನೂ ಮಾತಾಡಲ್ಲ. ಸಮುದ್ರ ನಾನು ನೋಡಿರಲಿಲ್ಲ, ಬೈರಮಂಗಲದ ಕೆರೆಗೆ ಆಚೆ ದಡ ಇಲ್ಲ ಅಂದ್ಕೊಂಡೆ. ಹಿಮ ಬೀಳುತ್ತೆ ಅಂತ ಬಂದಾಗ ತಟ್ಟೆ ಕಡೆ ನೋಡ್ದೆ. ಹುಳ ಪೊರೆ ಬಿಡೋ ಮುಂಚೆ ಒಂದಿನ ತಿನ್ನದೆ ತಲೆ ಎತ್ಕೊಂಡು ಸುಮ್ಮನೆ ಕೂರುತ್ತೆ, ಅದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂತಿದೆ ಅಂತಾರೆ. ಆಗ ಮೇಲಿಂದ ತೆಳ್ಳಗೆ ಸುಣ್ಣದ ಪುಡಿ ಉದುರಿಸ್ತಾರೆ. ಹಿಮ ಅಂದ್ರೆ ನಂಗೆ ಇವತ್ತಿಗೂ ಅದೇ.

ಸಾಯಂಕಾಲ ಸೊಪ್ಪು ಹಾಕೋವಾಗ ಓದಿದಷ್ಟನ್ನ ಕನ್ನಡದಲ್ಲಿ ಹೇಳ್ತಿದ್ದೆ. ಕೆಲ್ಸಕ್ಕೆ ಬರ್ತಿದ್ದ ಪಕ್ಕದ ಮನೆ ನಿಂಗಮ್ಮಕ್ಕನೂ ಕೇಳೋಳು. ಆ ಹುಡುಗಿ ಹೆಸರು ಇಬ್ಬರ ನಾಲಿಗೇಲೂ ತಿರುಗ್ತಿರಲಿಲ್ಲ, ‘ಕಿಟಕಿ ಹುಡುಗಿ’ ಅಂತ ಆಯ್ತು.

“ಅಷ್ಟು ಕೆಮ್ತಾ ಕಿಟಕಿ ಯಾಕೆ ತಕ್ಕೊಂಡು ಕೂತವ್ಳೆ?” ಅಂತ ದೊಡ್ಡವ್ವ ರೇಗೋಳು. “ದೊಡ್ಡಪತ್ರೆ ರಸ ಬೆಲ್ಲ ಹಾಕಿ ಕುಡ್ಸೋರು ಯಾರೂ ಇಲ್ವಾ ಆ ಮನೇಲಿ? ಅವ್ರಪ್ಪ ಏನ್ ಮಾಡ್ತಾವ್ನೆ?”

“ಪುಸ್ತಕ ಓದ್ತಾವ್ನೆ” ಅಂದೆ.

“ಓದೋರ ಹಣೇಬರಾನೇ ಇಷ್ಟು ಬುಡಕ್ಕಾ” ಅಂತ ನಿಂಗಮ್ಮಕ್ಕ ನನ್ನ ಕಡೆ ನೋಡಿ ನಕ್ಕಳು. “ಇವ್ಳೂ ನೋಡು, ಒಂದು ತಟ್ಟೆಗೆ ಎರಡು ಸಲ ಸೊಪ್ಪು ಹಾಕವ್ಳೆ.”

ಹುಳ ಒಂದನೇ ಜ್ವರ ದಾಟ್ತು, ಎರಡು, ಮೂರು. ಅದರ ಜೊತೆಗೇ ಕಥೆ ಸಾಗ್ತು. ಬೆಳಿಗ್ಗೆ ನಾನು ಏಳೋಷ್ಟರಲ್ಲಿ ದೊಡ್ಡವ್ವ “ಇವತ್ತು ಹಡಗು ಬತ್ತದಾ?” ಅಂತ ಕೇಳೋಳು, ಪಕ್ಕದೂರಿಂದ ಯಾರೋ ನೆಂಟರು ಬರಬೇಕೇನೋ ಅನ್ನೋ ಹಂಗೆ. ಪುಸ್ತಕ ಹರಿಯೋ ಮಾತು ಅವಳು ಮರೆತೇಬಿಟ್ಟಿದ್ಲು. ತಟ್ಟೆಗೆ ದೊಡ್ಡಪ್ಪ ಬೇರೆ ಪೇಪರ್ ತಂದ್ರು.

ಹುಳ ನಾಲ್ಕನೇ ಜ್ವರಕ್ಕೆ ಕೂತ ದಿನ ಬೆಳಿಗ್ಗೆ, ಕಾಲೇಜಿಗೆ ಹೋಗೋ ಬಸ್ಸಲ್ಲಿ, ಕಿಟಕಿ ಹುಡುಗಿ ಸತ್ತೋದ್ಲು. ಅದೂ ಒಂದೇ ಸಾಲಲ್ಲಿ. ನಂಗೆ ಅರ್ಥ ಆಗದೆ ಮೂರು ಸಲ ಓದಿದೆ. ಡಿಕ್ಷನರಿ ತೆಗೆದು ಆ ಪದಕ್ಕೆ ಬೇರೆ ಅರ್ಥ ಇದೆಯಾ ಅಂತಾನೂ ನೋಡಿದೆ. ಬಿಡದಿಯಿಂದ ರಾಮನಗರದ ತನಕ ವೇಲ್ ಮುಖಕ್ಕೆ ಮುಚ್ಕೊಂಡು ಅತ್ತೆ. ಯಾವುದೋ ದೇಶದಲ್ಲಿ, ಯಾರೋ ಬರೆದಿಟ್ಟ, ಇಲ್ಲದೇ ಇದ್ದ ಹುಡುಗಿಗೋಸ್ಕರ ನಾನ್ಯಾಕೆ ಅಳ್ತಿದೀನಿ ಅಂತ ನಂಗೇ ಆಶ್ಚರ್ಯ. ಆಮೇಲೆ ಭಯ ಆಯ್ತು. ಸಾಯಂಕಾಲ ಏನ್ ಹೇಳ್ಲಿ?

ದೊಡ್ಡವ್ವ ಸುಣ್ಣದ ಕೈಯಲ್ಲೇ ಬಾಗಿಲಿಗೆ ಬಂದಿದ್ಲು. “ಏನಾಯ್ತಮ್ಮಿ, ಕೆಮ್ಮು ವಾಸಿ ಆಯ್ತಾ?”

“ವಾಸಿ ಆಯ್ತು” ಅಂದೆ. “ಎದ್ದು ಕೂತು ಗಂಜಿ ಕುಡುದ್ಲು.”

“ಆಗ್ಲೇಬೇಕು. ವಯಸ್ಸಿನ ಹುಡ್ಗಿ” ಅಂತ ಒಳಗೆ ಹೋದ್ಲು. ಅವತ್ತಿಂದ ಪುಸ್ತಕದಲ್ಲಿ ಹೋಗಿಬಿಟ್ಟ ಹುಡುಗಿನ ನಾನು ಹುಳದ ಮನೇಲಿ ಬದುಕಿಸಬೇಕಾಯ್ತು. ತೋಟದಲ್ಲಿ ಓಡಾಡಿಸ್ದೆ, ಅಪ್ಪನ ಹತ್ರ ಮಾತಾಡಿಸ್ದೆ, ಅಣ್ಣಂಗೆ ಕಾಗದ ಬರೆಸ್ದೆ. ನಾನು ಕಟ್ಟಿದ ಮೊದಲ ಕಥೆ ಅಂದ್ರೆ ಅದೇ.

ಮೂರನೇ ದಿನ ಕಿಟಕಿ ಕಡೆ ಇದ್ದ ಎರಡು ತಟ್ಟೇಲಿ ಹುಳ ಊದ್ಕೊಂಡು, ಮೈಯಿಂದ ಹಾಲಿನ ಥರ ನೀರು ಬಿಟ್ಕೊಂಡು ಬಿದ್ದಿದ್ವು. ನಿಂಗಮ್ಮಕ್ಕ ಧೂಳು ಸೊಪ್ಪಿನಿಂದ ಅಂದ್ಲು. ದೊಡ್ಡಪ್ಪ ಬಿಸಿಲಿನ ಝಳಕ್ಕೆ ಅಂದ್ರು. ನಂಗೆ ಮಾತ್ರ ಗೊತ್ತಿತ್ತು, ಅದು ನನ್ನಿಂದಾನೇ ಅಂತ. ಎಂಟು ವರ್ಷ ಒಂದು ಶ್ರದ್ಧಾಂಜಲಿ ಹಾಳೇನೂ ಬಿಡದೆ ಆರಿಸಿದೋಳು, ಸಾವಿರೋ ಪುಟನ ಎದೆಗೆ ಅವಚ್ಕೊಂಡು ದಿನಾ ಒಳಗೆ ತರ್ತಿದ್ದೆ. ಕಾಲೇಜಲ್ಲಿ ಸೈನ್ಸ್ ಓದ್ತಿದ್ದೋಳು ನಾನು, ಹುಳಕ್ಕೆ ಇಂಗ್ಲಿಷ್ ಬರಲ್ಲ ಅನ್ನೋ ಬುದ್ಧಿ ಇತ್ತು. ಆದ್ರೂ, ಅಷ್ಟರಲ್ಲಿ ಓದಿ ಮುಗಿಸಿದ್ದ ಪುಸ್ತಕನ ತಗೊಂಡೋಗಿ ಕೊಟ್ಟಿಗೆ ಅಟ್ಟದ ಮೇಲೆ ಹುಲ್ಲಿನೊಳಗೆ ತುರುಕಿದೆ. ದೊಡ್ಡವ್ವ ರೋಗ ಬಿದ್ದ ಹುಳನ ಆರಿಸಿ ಆರಿಸಿ ಸುಣ್ಣದ ನೀರಿನ ಬಕೀಟಿಗೆ ಹಾಕ್ತಿದ್ಲು.

“ಪುಸ್ತಕ ಎಲ್ಲಮ್ಮಿ?” ಅಂದ್ಲು ಬಗ್ಗಿದ ತಲೆ ಎತ್ತದೆ.

“ಫ್ರೆಂಡು ಇಸ್ಕೊಂಡವ್ಳೆ.”

“ಹೂಂ. ಬಾಯಲ್ಲೇ ಹೇಳು ಹಂಗಾರೆ.”

ಹೇಳ್ದೆ. ರೋಗ ಆ ಎರಡು ತಟ್ಟೆಗೇ ನಿಲ್ತು. ಉಳಿದಿದ್ದೆಲ್ಲಾ ಹಣ್ಣಾಯ್ತು, ಅಂದ್ರೆ ಹುಳದ ಮೈ ಹಳದಿಗೆ ತಿರುಗಿ ಬೆಳಕು ಹಾಯೋ ಹಂಗಾಯ್ತು. ಒಂದೊಂದೇ ಆರಿಸಿ, ಬಿದಿರಿನ ದಬ್ಬೆ ಸುರುಳಿ ಸುತ್ತಿರೋ ಚಂದ್ರಿಕೆ ಮೇಲೆ ಬಿಟ್ವಿ. ಐದು ದಿನಕ್ಕೆ ಚಂದ್ರಿಕೆ ತುಂಬಾ ಹಳದಿ ಗೂಡು. ದೊಡ್ಡಪ್ಪ ಚೀಲ ಕಟ್ಟಿ ರಾಮನಗರದ ಮಾರ್ಕೆಟ್ಟಿಗೆ ಒಯ್ದ್ರು. “ಒಳ್ಳೇ ಬೆಳೆ” ಅಂತ ಎಲ್ರೂ ಅಂದ್ರು.

ಮಾರನೇ ದಿನ ತಟ್ಟೆ, ಸ್ಟ್ಯಾಂಡು, ಚಂದ್ರಿಕೆ ಎಲ್ಲಾ ಹೊರಗೆ ಹಾಕಿ, ನಾನೂ ದೊಡ್ಡವ್ವನೂ ಹುಳದ ಮನೆ ತೊಳೆದ್ವಿ. ಕೆಡವಿ ಹಾಕೋ ಮನೆ ಯಾಕೆ ತೊಳೀಬೇಕು ಅಂತ ನಾನು ಕೇಳಲಿಲ್ಲ. ಬ್ಲೀಚಿಂಗ್ ನೀರು ಬಾಗಿಲಿಂದ ಹರಿದು ಹೋಯ್ತು. ಗೋಣಿ ಕಿತ್ತ ಕಿಟಕಿಯಿಂದ ಮೊದಲ ಸಲ ಬಿಸಿಲು ನೆಲದ ಮೇಲೆ ಬಿತ್ತು. ಆಚೆಗೆ ಕಾಂಪೌಂಡು ಕಾಣಿಸ್ತಿತ್ತು. ಸದ್ದೇ ಇಲ್ಲ. ದೊಡ್ಡವ್ವ ಸೀರೆ ಎತ್ತಿ ಕಟ್ಕೊಂಡು ಹೊಸ್ತಿಲ ಮೇಲೆ ಕೂತ್ಲು.

“ಈಗ ಹೇಳು” ಅಂದ್ಲು.

“ಏನ್ ದೊಡ್ಡವ್ವ?”

“ಹುಳ ಇಲ್ವಲ್ಲ. ಯಾವ್ದೂ ಕೇಳಿಸ್ಕೊಳ್ಳಲ್ಲ. ಆ ಹುಡ್ಗೀಗೆ ಏನಾಯ್ತು ಹೇಳು.”

ನಾನು ಪೊರಕೆ ಕೆಳಗಿಟ್ಟೆ. “ಸತ್ತೋದ್ಲು ದೊಡ್ಡವ್ವ.” ಖಾಲಿ ಗೋಡೆಗೆ ತಾಗಿ ನನ್ನ ಮಾತು ನಂಗೇ ವಾಪಸ್ ಕೇಳಿಸ್ತು.

“ಅವ್ರಣ್ಣ ಬಂದ್ನಾ?”

“ಬಂದ. ತಡವಾಗಿ.”

“ಬಂದು ಏನ್ ಮಾಡ್ದ?”

“ಅವ್ಳು ಕೂರ್ತಿದ್ದ ಕಿಟಕಿ ಹತ್ರ ಕೂತ್ಕೊಂಡ.”

ದೊಡ್ಡವ್ವ ತಲೆ ಆಡಿಸಿದ್ಲು. ನಮ್ಮ ಕಿಟಕಿ ಕಡೆ ನೋಡಿದ್ಲು. ಆಮೇಲೆ ಸೆರಗು ಬಾಯಿಗೆ ಇಟ್ಕೊಂಡು ಶುರು ಮಾಡಿದೋಳು, ಸೆರಗನ್ನೂ ಬಿಟ್ಟು, ಗಟ್ಟಿಯಾಗಿ, ಬಾಯಿಬಿಟ್ಟು ಅತ್ಲು. ಮದುವೆಯಾಗಿ ಬಂದಾಗಿಂದ ಆ ಮನೆಯೊಳಗೆ ಒಂದು ಹನಿ ಕಣ್ಣೀರು ಹಾಕಿರದೋಳು. ಅತ್ತೆ ಹೋದಾಗ, ತಮ್ಮ ಹೋದಾಗ, ಹೊರಗೆ ನಿಂತು ಮುಖ ಒರೆಸ್ಕೊಂಡೇ ಸೊಪ್ಪು ಹಾಕಕ್ಕೆ ಒಳಗೆ ಬರ್ತಿದ್ದೋಳು. ಯಾರಿಗೋಸ್ಕರ ಅಳ್ತಿದೀಯ ಅಂತ ನಾನು ಕೇಳಲಿಲ್ಲ. ಪಕ್ಕದಲ್ಲಿ ಕೂತು ನಾನೂ ಅತ್ತೆ. ಅಳಬೇಡ ಅನ್ನೋ ಕಾನೂನು ಅಲ್ಲಿಗೆ ಮುಗಿದಿತ್ತು.

ಊರು ಬಿಡೋ ದಿನ ಅಟ್ಟದಿಂದ ಪುಸ್ತಕ ತೆಗೆದು ನನ್ನ ಟ್ರಂಕಿನ ತಳಕ್ಕೆ ಹಾಕ್ಕೊಂಡೆ. ಈಗ ಅಲ್ಲಿ ಒಂದು ದೊಡ್ಡ ಶೆಡ್ಡು, ಗೇಟು, ಲಾರಿ. ದೊಡ್ಡವ್ವ, ದೊಡ್ಡಪ್ಪ ರಾಮನಗರದಲ್ಲಿ ಒಂದು ಮನೆ ಮಾಡಿದ್ರು. ಹೊಸ ಮನೇಲೂ ಅವಳು, ಕಡ್ಲೆಕಾಯಿ ಕಟ್ಟಿ ಕೊಟ್ಟ ಪೇಪರ್ ಬಿಡಿಸಿ ಫೋಟೋ ಸಾಲು ಇದೆಯಾ ಅಂತ ನೋಡೋಳು. ಇದ್ರೆ ಮಡಚಿ ಪಕ್ಕಕ್ಕಿಡೋಳು. ಹುಳ ಇಲ್ಲ ಅಂತ ಕೈಗೆ ಗೊತ್ತಾಗಿರಲಿಲ್ಲ.

ಹೋದ ವರ್ಷ ದೊಡ್ಡವ್ವ ಸತ್ತೋದ್ಲು. ‘ಕಳೆದ್ಲು’ ಅಂತ ಟೈಪ್ ಮಾಡಿ ಅಳಿಸಿ, ಸತ್ತೋದ್ಲು ಅಂತಾನೇ ಬರ್ದಿದೀನಿ. ಈಗ ಯಾವ ಹುಳಕ್ಕೂ ಕೇಳಿಸಲ್ಲ. ನಮ್ಮವರು ಪೇಪರಲ್ಲಿ ಅವಳ ಫೋಟೋ ಹಾಕಿಸಿದ್ರು, ಸಣ್ಣದು, ಸಾಲಲ್ಲಿ ಮೂರನೇದು. ಎಂಟು ವರ್ಷ ಆರಿಸಿ ಆರಿಸಿ ಒಲೆಗೆ ಹಾಕ್ತಿದ್ದಂಥದೇ ಒಂದು ಹಾಳೆ. ಮೊನ್ನೆ ಅದನ್ನ ಈ ಪುಸ್ತಕದೊಳಗೆ, ಆ ಹುಡುಗಿ ಸಾಯೋ ಪುಟದ ಪಕ್ಕ ಮಡಚಿ ಇಟ್ಟೆ. ತೊಡೆ ಮೇಲೆ ಬಿದ್ದಿದ್ದ ಸುಣ್ಣನೂ ಒರೆಸಲಿಲ್ಲ, ಬೆರಳಲ್ಲಿ ಎತ್ತಿ ಅದರ ಮೇಲೇ ಉದುರಿಸ್ದೆ.

ನಿಮ್ಮ ಕಡೆನೂ ಹುಳದ ಮನೆ ಇತ್ತಾ? ಅಲ್ಲಿ ಆಡಬಾರದು ಅಂತಿದ್ದ ಮಾತು ಯಾವುದು? ಯಾರಿಗಾದ್ರೂ ನೋವಾಗದೆ ಇರ್ಲಿ ಅಂತ ಕಥೆಯ ಕೊನೆ ಬದಲಾಯಿಸಿ ಹೇಳಿದೀರಾ, ಅವರಿಗೆ ಅದು ಮೊದಲೇ ಗೊತ್ತಿತ್ತಾ? ಕೆಳಗೆ ಬರೀರಿ, ಎಷ್ಟುದ್ದ ಆದ್ರೂ ಪರವಾಗಿಲ್ಲ. ಒಂದೂ ಬಿಡದೆ ಓದ್ತೀನಿ, ಏನನ್ನೂ ಬೇರೆ ಮಾಡಿ ಪಕ್ಕಕ್ಕಿಡಲ್ಲ.